ಗುರುವಾರದ ಬಿ.ಪಿ.

ಶ್ರೀಶೈಲಪ್ಪನನ್ನು ಗೋಡೆಗೆ ಒರಗಿಸಿ, ಕಾಲು ಮಡಿಸಿ, ಕೂಡ್ರಿಸಿದ್ದೇನೋ ಆಯಿತು. ತಲೆ ಮಾತ್ರ ಎಡಕ್ಕೇ ವಾಲುತ್ತಿತ್ತು. ಖಾಜಾಸಾಬ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಮಠದ ಅಯ್ಯನವರು ಗಲ್ಲದ ಕೆಳಗಿನಿಂದ ಬಿಳಿ ಅರಿವೆ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕತೊಡಗಿದರು.

"ಬಿಗಿ ಕಟ್ರಿ ಅಯ್ಯನವರ," ಎಂದ ಖಾಜಾಸಾಬ. "ಮೂವತ್ತಾರು ವರ್ಷ ನಾ ಕಟ್ಟಿದ ಹಗ್ಗದ ಮ್ಯಾಲೆ ಭರೋಸಾ ಇಟ್ಟು ಕಂಬಾ ಏರಿದ ಮನಷ್ಯಾ ಇಂವ. ಒಮ್ಮೆನೂ ಬಿದ್ದಿಲ್ಲ. ಇವತ್ತ ಬಿದ್ದಾ ಅಂದ್ರ ನನ್ನ ಮರ್ಯಾದಿ ಏನ ಉಳೀತು?"

ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು. ಅಳು ತಡೆಯಲಿಕ್ಕಲ್ಲ. ಶ್ರೀಶೈಲಪ್ಪನ ಸಾವೇ ಹಾಗಿತ್ತು. ಅಳಬೇಕೆಂದು ಬಂದವರೂ ಅರ್ಧಕ್ಕೇ ನಗುತ್ತಿದ್ದರು. ಇಂಡಿ ಪಟ್ಟಣದ ಅರ್ಧ ಮನೆಗಳಿಗೆ ಕರೆಂಟು ಕೊಟ್ಟ ಲೈನ್‌ಮನ್ ಆತ. ನಿವೃತ್ತಿಯಾಗಿ ಹದಿಮೂರು ವರ್ಷವಾದರೂ ಬಲ್ಬು ಮಿಣುಕಿದರೆ ಜನ ಅವನ ಬಾಗಿಲನ್ನೇ ತಟ್ಟುತ್ತಿದ್ದರು. ನಿನ್ನೆ ಬುಧವಾರ ಸಂಜೆ ಉಂಡು, ಮಜ್ಜಿಗೆ ಕುಡಿದು, ಹಾಸಿಗೆಯ ಮೇಲೆ ಕೂತು, ಬಲ್ಬನ್ನೇ ದಿಟ್ಟಿಸಿ "ಈಗ ಹೋಗ್ತೈತಿ ನೋಡ್ರಿ" ಎಂದ. ಕರೆಂಟು ಹೋಗಲಿಲ್ಲ. ಅವನೇ ಹೋದ. ಎಪ್ಪತ್ಮೂರು ವರ್ಷ, ನರಳಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ.

ಹೆಂಡತಿ ಬಾಳಮ್ಮ ಅವನ ಮಗ್ಗುಲಲ್ಲಿ ಗೋಡೆಗೆ ಆತು ಕೂತಿದ್ದಳು. ರಾತ್ರಿ ಅತ್ತಿದ್ದಷ್ಟೇ ಅಳು. ಈಗ ಅವಳ ತಲೆಯಲ್ಲಿ ಒಂದೇ ಒಂದು ವಿಷಯ ಗಿರಕಿ ಹೊಡೆಯುತ್ತಿತ್ತು. ಇವತ್ತು ಗುರುವಾರ. ಮಣ್ಣಿಗೆ ಒಯ್ಯುವ ಮುಂಚೆ ಗಂಡನನ್ನು ಒಮ್ಮೆ, ಒಂದೇ ಒಂದು ಸಲ, ಕಚೇರಿ ರೋಡಿನ ಪಿಜ್ಜಾ ಅಂಗಡಿಯ ಮುಂದಿನಿಂದ ಒಯ್ಯಬೇಕು.

ಆದರೆ ಅಂಗಳದಲ್ಲಿ ಭಾವನ ದನಿ ಕೇಳುತ್ತಿತ್ತು. "ಹಿಂದಿನ ಓಣಿಗುಂಟ ನೆಟ್ಟಗ ನಡೀರಿ. ಹತ್ತ ನಿಮಿಷದ ಹಾದಿ. ಬಿಸಲ ಏರಾಕತ್ತೈತಿ."

ಸಂಗನಬಸಪ್ಪ ಶ್ರೀಶೈಲಪ್ಪನ ಅಣ್ಣ, ಎಪ್ಪತ್ತೆಂಟರ ಹಿರಿಯ. ಮನೆ ಒಂದೇ, ಒಲೆ ಒಂದೇ, ಮಾತು ಅವನೊಬ್ಬನದು. ಬಾಳಮ್ಮ ಈ ಮನೆಗೆ ಬಂದು ನಲವತ್ನಾಲ್ಕು ವರ್ಷ. ಭಾವನ ಎದುರು ಒಂದು ಮಾತು ಆಡಿದವಳಲ್ಲ. ಏನಿದ್ದರೂ ನೆಗೆಣ್ಣಿ ಸಾವಿತ್ರವ್ವನ ಕಿವಿಯಲ್ಲಿ ಹೇಳಬೇಕು, ಅವಳು ಗಂಡನಿಗೆ ಹೇಳಬೇಕು. ಅರ್ಜಿ ಹೀಗೆ ಕಚೇರಿಯಿಂದ ಕಚೇರಿಗೆ ಹೋಗಿ ಬರುವಷ್ಟರಲ್ಲಿ ಹೊಟ್ಟೆನೋವು ತಾನೇ ವಾಸಿಯಾಗಿರುತ್ತಿತ್ತು.

ಅಷ್ಟರಲ್ಲಿ ಅಂಗಳದಲ್ಲಿ ಬೇರೆಯೇ ಮಾತು ಎದ್ದಿತು.

"ಆರ ವರ್ಷ," ಸಂಗನಬಸಪ್ಪ ಕೋಲು ನೆಲಕ್ಕೆ ಕುಟ್ಟಿದ. "ಆರ ವರ್ಷ ಒಂದ ಗುರುವಾರ ತಪ್ಪಸದ ಗಂಡಾ ಹೆಂಡತಿ ಬಿ.ಪಿ. ತೋರಸಾಕ ಹೋಗ್ಯಾರ. ಆ ಡಾಕ್ಟರ್ ಏನ ಕಣ್ಣ ಮುಚ್ಚಿ ನೋಡಿದನು? ಮಣ್ಣ ಆಗಲಿ. ನೆಟ್ಟಗ ಅವನ ದವಾಖಾನಿಗೆ ಹೋಗಿ ಕೇಳ್ತೇನಿ."

"ನಾವೂ ಬರ್ತೇವಿ ಕಾಕಾ," ಎಂದಿತು ಓಣಿಯ ಹುಡುಗರ ಹಿಂಡು. ಇಂಥದಕ್ಕೆ ಜನ ಕಡಿಮೆಯೇ? "ಎರಡ ಟ್ರ್ಯಾಕ್ಟರ್ ತುಂಬಿ ಹೋಗೂಣು."

ಒಳಗೆ ಬಾಳಮ್ಮ ಬಾಗಿಲ ಕಡೆ ತಿರುಗಿದಳು. ಪಾಪದ ಡಾಕ್ಟರು. ಅವರಿಗೆ ಈ ಗಂಡ ಹೆಂಡಿರ ಮುಖದ ನೆನಪೂ ಇರಲಿಕ್ಕಿಲ್ಲ.

*

ಆರು ವರ್ಷದ ಹಿಂದಿನ ಆ ಗುರುವಾರ ಇಬ್ಬರೂ ನಿಜವಾಗಿ ಬಿ.ಪಿ. ತೋರಿಸಲಿಕ್ಕೇ ಹೊರಟಿದ್ದರು. ಹಿಂದಿನ ಸಲವೇ ಡಾಕ್ಟರು "ಏನೂ ಇಲ್ಲ, ಆರು ತಿಂಗಳಿಗೊಮ್ಮೆ ಬಂದರೆ ಸಾಕು" ಎಂದಿದ್ದರು. ಆದರೂ ಮನೆಯಿಂದ ಇಬ್ಬರೂ ಕೂಡಿ ಹೊರಬೀಳಲಿಕ್ಕೆ ಅದೊಂದು ನೆವ. ದವಾಖಾನೆಗೆ ಬೀಗ ಇತ್ತು. ತಿರುಗಿ ಬರುವಾಗ ಕಚೇರಿ ರೋಡಿನಲ್ಲಿ ಹೊಸದಾಗಿ ತೆರೆದ ಅಂಗಡಿಯೊಂದು ನಡುಮಧ್ಯಾಹ್ನವೇ ಕತ್ತಲಾಗಿ ನಿಂತಿತ್ತು. ಕತ್ತಲಾದ ಅಂಗಡಿ ಕಂಡರೆ ಶ್ರೀಶೈಲಪ್ಪ ಸುಮ್ಮನೆ ದಾಟಿಹೋಗುವ ಪೈಕಿಯೇ ಅಲ್ಲ.

ಅಂಗಡಿಯವನು ಚೇತನಕುಮಾರ, ಚಡಚಣದ ಕಡೆಯವನು. ಗೋವಾದಲ್ಲಿ ಇಟಲಿಯವನೊಬ್ಬನ ಹೋಟೆಲಿನಲ್ಲಿ ನಾಲ್ಕು ವರ್ಷ ಹಿಟ್ಟು ನಾದಿ ಬಂದಿದ್ದ. ಬೋರ್ಡಿನ ಮೇಲೆ ಇಟಲಿಯ ವಾಲಿದ ಗೋಪುರ ಬರೆ ಎಂದರೆ, "ವಾಲಿದ್ರ ನನ್ನ ಹೆಸರ ಕೆಡ್ತೈತಿ" ಎಂದು ಪೇಂಟರು ಅದನ್ನು ಗರುಡಗಂಬದ ಹಾಗೆ ನೆಟ್ಟಗೆ ನಿಲ್ಲಿಸಿದ್ದ. ಒಳಗೆ ಮೂರು ಮೇಜು. ಓವನ್ ಹಚ್ಚಿದರೆ ಸಾಕು, ಫ್ಯೂಜು ಹಾರುತ್ತಿತ್ತು. ಶ್ರೀಶೈಲಪ್ಪ ಅಂಗಿಯ ತೋಳು ಏರಿಸಿ ಅರ್ಧ ತಾಸಿನಲ್ಲಿ ವೈರು ಬದಲಿಸಿಕೊಟ್ಟ. ಹುಡುಗ ಬಿಡಲಿಲ್ಲ, "ತಿಂದ ಹೋಗಬೇಕ ಮುತ್ಯಾ" ಎಂದು ಕಿಟಕಿಯ ಪಕ್ಕದ ಮೇಜಿನಲ್ಲಿ ಎದುರುಬದುರು ಕೂಡ್ರಿಸಿ ಒಂದು ಪಿಜ್ಜಾ ತಂದಿಟ್ಟ.

ಶ್ರೀಶೈಲಪ್ಪ ಒಂದು ತುಂಡು ತಿಂದ. ಎರಡನೆಯದನ್ನು ಎತ್ತಿದ. ಬಾಳಮ್ಮ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.

"ಯಾಕ ಆಯಿ, ಚಲೋ ಇಲ್ಲೇನ್ರಿ?" ಚೇತನ ಗಾಬರಿಯಾದ.

"ಅವರದಾಗ್ಲಿ ತಮ್ಮಾ."

"ತಣ್ಣಗಾದ್ರ ಇದು ಚಪ್ಪಲಿ ತೊಗಲ ಆಗ್ತೈತ್ರಿ."

ಶ್ರೀಶೈಲಪ್ಪ ತುಂಡನ್ನು ಕೆಳಗಿಟ್ಟ. ಮದುವೆಯಾಗಿ ಮೂವತ್ತೆಂಟು ವರ್ಷ. ಗಂಡಸರ ಪಂಕ್ತಿ ಎದ್ದಮೇಲೆ ಹೆಂಗಸರು. ಅವನು ಉಂಡು ಕೈತೊಳೆದಮೇಲೆ ಅವಳು ಒಲೆ ಮುಂದೆ. ಅದು ಯಾರೂ ಮಾಡಿದ ಕಾಯ್ದೆಯಲ್ಲ, ಹಾಗಾಗಿ ಯಾರೂ ತಿದ್ದುವ ಗೋಜಿಗೂ ಹೋಗಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರು ಕೂಡಿ ಉಂಡಿದ್ದೇ ಇಲ್ಲವಾದ್ದರಿಂದ ಜಗಳಕ್ಕೂ ಆಸ್ಪದವಿರಲಿಲ್ಲ.

"ಇಲ್ಲಿ ನಿನಗ ಒಲಿ ಎಲ್ಲೈತಿ, ಅದರ ಮುಂದ ಹೋಗಿ ಕುಂದ್ರಾಕ?" ಎಂದ ಶ್ರೀಶೈಲಪ್ಪ. "ತಿನ್ನ."

ಅವಳು ತಿಂದಳು. ತಿನ್ನುತ್ತ ತಿನ್ನುತ್ತ ತಲೆಯೆತ್ತಿದವಳಿಗೆ ನಗು ಬಂತು.

"ಏನಾತು?"

"ನೀವ ಕಣ್ಣ ಮುಚ್ಚಿ ತಿಂತೀರಿ."

"ನೀ ಬೆರಳ ನೆಕ್ಕತಿ," ಎಂದ ಅವನು. "ನಾ ಏನಾರ ಅಂದೆನೇನು?"

ಮುಂದಿನ ಗುರುವಾರ ಮನೆಯಲ್ಲಿ ಬಿ.ಪಿ. ಎಂದು ಹೇಳಿ ನೆಟ್ಟಗೆ ಅಂಗಡಿಗೇ ಹೋದರು. ಚೇತನ ಕೇಳಿದ: "ಮ್ಯಾಲೆ ಏನೇನ ಹಾಕ್ಲಿ ಆಯಿ, ನಿಮಗೇನ ಸೇರ್ತೈತಿ?" ಬಾಳಮ್ಮ ತಬ್ಬಿಬ್ಬಾದಳು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆ ಮಾಡಿದವನು ಗಂಡಸೇ ಇರಬೇಕು. ಅವಳ ಊಟ ಯಾವತ್ತು ಅವಳ ಇಚ್ಛೆಯದಾಗಿತ್ತು? ಉತ್ತರ ಹುಡುಕಲಿಕ್ಕೆ ಅವಳಿಗೆ ಮೂರು ಗುರುವಾರ ಬೇಕಾದವು. ಕೊನೆಗೆ ಹೇಳಿದಳು: "ಹಸಿಮೆಣಸಿನಕಾಯಿ ಹಾಕಪಾ. ಮ್ಯಾಲೆ ಚೂರ ನಿಂಬಿಹಣ್ಣ ಹಿಂಡು."

"ಇಟಲಿಯೊಳಗ ನಿಂಬಿಹಣ್ಣ ಹಿಂಡೂದಿಲ್ರಿ ಆಯಿ."

"ಅವರಿಗೆ ಇಂಡಿ ನಿಂಬಿಹಣ್ಣ ಎಲ್ಲಿ ಸಿಗಬೇಕು, ಪಾಪ," ಎಂದ ಶ್ರೀಶೈಲಪ್ಪ.

ಒಂದು ಸಲ, ಈ ರುಚಿಯ ಧೈರ್ಯದಲ್ಲೇ, ಮನೆಯ ಪಡಸಾಲೆಯಲ್ಲೂ ಅವನು ಬಡಿಸುತ್ತಿದ್ದವಳಿಗೆ "ನೀನೂ ಕುಂದರಲಾ" ಎಂದುಬಿಟ್ಟಿದ್ದ. ಸಂಗನಬಸಪ್ಪ ತಾಟಿನಿಂದ ತಲೆಯೆತ್ತಿ ತಮ್ಮನನ್ನು ನೋಡಿದ. ಬರೀ ನೋಡಿದ, ಅಷ್ಟೇ. ಅಲ್ಲಿಂದ ಮುಂದೆ ಆ ಮಾತು ಗುರುವಾರದ ಮಟ್ಟಿಗೇ ಉಳಿಯಿತು.

*

"ಅಕ್ಕಾ," ಬಾಳಮ್ಮ ಸಾವಿತ್ರವ್ವನ ಕಿವಿಗೆ ಬಾಯಿ ಹಚ್ಚಿದಳು. "ಭಾವನೋರಿಗೆ ಹೇಳು, ಡಾಕ್ಟರಂದೇನೂ ತಪ್ಪಿಲ್ಲ."

"ಸುಮ್ಮಕಿರು. ಸಿಟ್ಟನ್ಯಾಗ ಅದಾರ. ನಾಳೆ ಹೇಳ್ತೇನಿ."

ನಾಳೆ ಎಂದರೆ ಡಾಕ್ಟರ ಕಥೆ ಮುಗಿದಿರುತ್ತದೆ. ಗಂಡನೂ ಹಿಂದಿನ ಓಣಿಗುಂಟ ಹೋಗಿಬಿಟ್ಟಿರುತ್ತಾನೆ. ಬಾಳಮ್ಮನ ಪಕ್ಕದಲ್ಲಿ ಹೂವಿನ ಹಿಪ್ಪರಗಿಯಿಂದ ಬಂದ ಮಗಳು ಭಾಗ್ಯಜ್ಯೋತಿ ಕೂತಿದ್ದಳು. ಅವಳ ಭುಜ ಹಿಡಿದು ಎದ್ದಳು. ಸೆರಗು ಹಣೆಯ ತನಕ ಎಳೆದುಕೊಂಡು ಅಂಗಳಕ್ಕೆ ಬಂದಳು.

"ಡಾಕ್ಟರಗ ಏನೂ ಅನಬ್ಯಾಡ್ರಿ," ಎಂದಳು.

ಸಂಗನಬಸಪ್ಪ ಯಾರು ಮಾತಾಡಿದ್ದೆಂದು ಆಚೀಚೆ ನೋಡಿದ. ಆ ದನಿ ಅವನು ಕೇಳಿದ್ದೇ ಇಲ್ಲ.

"ಅವರು ನಮ್ಮನ್ನ ಆರ ವರ್ಷದಾಗ ಐದಾರ ಸಲಾ ನೋಡಿದ್ರ ಹೆಚ್ಚರಿ."

"ಮತ್ತ ವಾರಾ ವಾರಾ ಹೋಗತಿದ್ರಲಾ?"

"ಪಿಜ್ಜಾ ತಿನ್ನಾಕ ಹೋಗತಿದ್ವಿರಿ."

ಭಜನೆಯವನ ತಾಳ ಕೈಯಲ್ಲೇ ನಿಂತಿತು. ಮೊದಲು ಕೇಳಿದ್ದು ಒಳಗಿನಿಂದ, ಹೆಣದ ಹಿಂದಿನಿಂದ, ಖಾಜಾಸಾಬನ ನಗು. ತಲೆ ಹಿಡಿದ ಕೈ ಬಿಡುವಂತಿಲ್ಲ, ಕಣ್ಣೀರು ಒರೆಸಿಕೊಳ್ಳುವಂತಿಲ್ಲ. ಪಾಪ, ಹಾಗೇ ಕುಲುಕುತ್ತ ನಗುತ್ತಿದ್ದ. "ಬಿ.ಪಿ. ಸಲುವಾಗಿ ಕರದದ್ದು ಬಿಟ್ಟೇನಿ ಅಂತ ನನ್ನ ಮನ್ಯಾಗ ಭಜಿನೂ ಮುಟ್ಟತಿದ್ದಿಲ್ಲ ಇಂವ," ಎಂದ. "ವೈನಿ, ನೀವೂ ಭಾಳ ಗಟ್ಟಿ ಅದೀರಿ ಬಿಡ್ರಿ."

"ಭಜಿ ಹಾಳಾಗ್ಲಿ," ಸಾವಿತ್ರವ್ವ ಬಾಗಿಲಿಗೆ ಬಂದಳು. ಅವಳ ಸಂಕಟವೇ ಬೇರೆ. "ಆರ ವರ್ಷ ಅವನಿಗಂತ ಉಪ್ಪಿಲ್ಲದ ಪಲ್ಲೆ ಬ್ಯಾರೆ ಮಾಡಿ ಹಾಕೇನಲ್ಲೇ ಬಾಳವ್ವ. ಒಂದ ದಿನಾ ಸಪ್ಪಗೈತಿ ಅನಲಿಲ್ಲ."

"ಅನಬಾರದಂತ ಉಂಡಾರ ಅಕ್ಕಾ. ಅಂದ್ರ ಗುರುವಾರ ತಪ್ಪತಿತ್ತು."

ಈಗ ಎಲ್ಲರೂ ನಕ್ಕರು. ವಾರದಲ್ಲಿ ಆರು ದಿನ ಸಪ್ಪೆ ಪಲ್ಯ ನುಂಗಿ ಏಳನೆಯ ದಿನವನ್ನು ಉಳಿಸಿಕೊಂಡ ಗಂಡನನ್ನು ನೆನೆದು ಬಾಳಮ್ಮನಿಗೂ ನಗು ಬಂತು, ನಗುವಿನ ಜೊತೆಗೇ ಕಣ್ಣೂ ತುಂಬಿತು. ಭಾಗ್ಯಜ್ಯೋತಿ ತಾಯಿಯ ತೋಳು ಚಿವುಟಿ, "ನನಗಾರ ಹೇಳಬಾರದೇನವ್ವ," ಎಂದಳು.

ಸಂಗನಬಸಪ್ಪನೊಬ್ಬ ನಗಲಿಲ್ಲ.

"ಮನ್ಯಾಗ ಉಣ್ಣಾಕ ಏನ ಕಡಿಮಿ ಆಗಿತ್ತು?" ಎಂದ.

"ಏನೂ ಕಡಿಮಿ ಆಗಿದ್ದಿಲ್ರಿ," ಎಂದಳು ಬಾಳಮ್ಮ. "ಅಲ್ಲಿ ಇಬ್ಬರೂ ಎದುರಾಬದುರ ಕುಂತು ತಿಂತಿದ್ವಿ. ಅಷ್ಟರಿ." ಮತ್ತೆ ಧೈರ್ಯ ಹೋಗುವ ಮುಂಚೆ ಉಳಿದದ್ದನ್ನೂ ಹೇಳಿಬಿಟ್ಟಳು: "ಇವತ್ತ ಗುರುವಾರ ಐತ್ರಿ. ಒಮ್ಮೆ ಆ ಅಂಗಡಿ ಮುಂದಿಂದ ಅವರನ್ನ ಒಯ್ರಿ."

ಸಂಗನಬಸಪ್ಪ ಕೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ತಿಕ್ಕಿದ. ಆಮೇಲೆ ಟ್ರ್ಯಾಕ್ಟರಿನವನ ಕಡೆ ತಿರುಗಿದ.

"ಕಚೇರಿ ರೋಡ ಹಿಡಿಯೋ," ಎಂದ. "ಬಿಸಲಿಗೇನು, ಮಂದಿ ಕರಗಿ ಹೋಗೂದಿಲ್ಲ."

*

ಬಾಳೆಕಂಬ, ಚೆಂಡುಹೂವು ಕಟ್ಟಿದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಶ್ರೀಶೈಲಪ್ಪ ಹಣೆತುಂಬ ವಿಭೂತಿ ಹಚ್ಚಿಕೊಂಡು ನೆಟ್ಟಗೆ ಕೂತು ಹೊರಟ. ಬಾಳಮ್ಮ ಮಗಳ ಕೈ ಹಿಡಿದು ಹಿಂದೆ ನಡೆದಳು. ಅಂಗಡಿಗಳ ಶಟರುಗಳು ಒಂದೊಂದೇ ಅರ್ಧಕ್ಕೆ ಇಳಿದವು. ಚೇತನನ ಅಂಗಡಿಯ ಮುಂದೆ ಟ್ರ್ಯಾಕ್ಟರ್ ನಿಂತಾಗ ಶ್ರೀಶೈಲಪ್ಪನ ಮುಖ ಸರಿಯಾಗಿ ಅಂಗಡಿಯ ಕಡೆಗೇ ಇತ್ತು, ಊಟಕ್ಕೆ ಕೂತವನ ಹಾಗೆ. ಒಳಗೆ ಮೂರು ಜನ ಕಾಲೇಜು ಹುಡುಗಿಯರು ಕೈಯಲ್ಲಿ ಅರ್ಧ ತಿಂದ ತುಂಡು ಹಿಡಿದುಕೊಂಡೇ ಎದ್ದು ನಿಂತರು. ಅದನ್ನು ಕೆಳಗಿಡಬೇಕೋ ಕೈ ಮುಗಿಯಬೇಕೋ ಅವರಿಗೆ ತಿಳಿಯಲಿಲ್ಲ.

ಚೇತನ ಶಟರಿನ ಕೆಳಗಿನಿಂದ ಬಗ್ಗಿ ಹೊರಬಂದ. ಮೊಣಕೈ ತನಕ ಹಿಟ್ಟು. ಮಾಲೆ ಹಾಕಿದ, ಕಾಯಿ ಒಡೆದ, ಟ್ರೇಲರಿನ ಅಂಚು ಹಿಡಿದುಕೊಂಡು ಚಿಕ್ಕ ಹುಡುಗನಂತೆ ಅತ್ತ.

"ಮುತ್ಯಾ ಇವತ್ತ ಒಳಗ ಬರಂಗಿಲ್ಲೇನ್ರಿ, ಆಯಿ?"

"ಇಲ್ಲಪಾ," ಬಾಳಮ್ಮ ಅವನ ಬೆನ್ನು ಸವರಿದಳು. "ಅವರಿಗೆ ಇವತ್ತ ಜಲ್ದಿ ಐತಿ."

ಚೇತನ ಮೂಗು ಒರೆಸಿಕೊಂಡ, ಒರೆಸಿದಲ್ಲೆಲ್ಲ ಹಿಟ್ಟಾಯಿತು. "ಇವತ್ತ ನಿಮ್ಮನ್ಯಾಗ ಒಲಿ ಹಚ್ಚಂಗಿಲ್ಲಲ್ರಿ. ಬುತ್ತಿ ನಂದು. ಬ್ಯಾಡ ಅನಬ್ಯಾಡ್ರಿ."

ಅವಳು ಭಾವನ ಕಡೆ ನೋಡಿದಳು. ಸಂಗನಬಸಪ್ಪ ಬೋರ್ಡಿನ ಮೇಲಿನ ನೆಟ್ಟಗಿನ ಗೋಪುರವನ್ನು ಓದುವವನಂತೆ ನೋಡುತ್ತಿದ್ದ. "ತರಲಿ," ಎಂದ.

*

ಮಣ್ಣು ಮಾಡಿ, ಮಿಂದು, ಎಲ್ಲರೂ ಮನೆ ಸೇರಿದಾಗ ನಾಲ್ಕು ಹೊಡೆದಿತ್ತು. ಬೀಗರ ಮನೆಗಳಿಂದ ಬಂದ ರೊಟ್ಟಿ, ಝುಣಕ, ಮೊಸರನ್ನದ ಬುತ್ತಿಗಳ ಪಕ್ಕದಲ್ಲಿ ಚೇತನ ಹದಿನಾಲ್ಕು ರಟ್ಟಿನ ಡಬ್ಬಿ ಪೇರಿಸಿಟ್ಟ. ಗಂಡಸರು ಪಡಸಾಲೆಯಲ್ಲಿ ಗೋಡೆಗುಂಟ ಸಾಲಾಗಿ ಕೂತರು. ಹೆಂಗಸರು ಒಳಗೆ ಸರಿದರು.

ಬಾಳಮ್ಮ ತಣ್ಣಗಿನ ಒಲೆಯ ಮುಂದೆ ಕೂತಳು. ನಿನ್ನೆ ಸಂಜೆಯಿಂದ ಹೊಟ್ಟೆಗೆ ಏನೂ ಇಲ್ಲ. ಒಂದು ಆಸೆ ಈಡೇರಿತ್ತು, ಅದಕ್ಕೆ ಖುಷಿಯೇ ಆಗಿತ್ತು. ಆದರೆ ಪಡಸಾಲೆಯಲ್ಲಿ ತಾಟು ಹಾಕುವ ಸಪ್ಪಳ ಕೇಳುತ್ತಲೇ ಮೊಣಕಾಲಿಗೆ ಗದ್ದ ಆನಿಸಿದಳು. ಮತ್ತೆ ಅದೇ ಒಲೆ, ಅದೇ ಕೊನೆಯ ಪಂಕ್ತಿ. ಇನ್ನು ತನ್ನ ಮುಖ ನೋಡಿಕೊಂಡು ಉಣ್ಣುವವರು ಯಾರೂ ಇಲ್ಲ. ಸಾಯುವ ತನಕ ಇನ್ನು ಹೀಗೇ.

ಹೊರಗೆ ಯಾರೋ ಗೊಣಗಿದರು: ಸೂತಕದ ಮನೆಯಲ್ಲಿ ಇದನ್ನು ತಿನ್ನಬಹುದೋ ಇಲ್ಲವೋ. ಅಯ್ಯನವರು ಆಗಲೇ ಒಂದು ಡಬ್ಬಿ ತಮ್ಮ ಕಡೆ ಎಳೆದುಕೊಂಡಾಗಿತ್ತು. "ಲಿಂಗವಂತರಿಗೆ ಸೂತಕ ಎಲ್ಲಿ ಬಂತು," ಎಂದರು. "ಸುಮ್ಮನ ಉಣ್ರಿ."

ಆದರೆ ಯಾರೂ ಕೈ ಹಚ್ಚಲಿಲ್ಲ. ಹಿರಿಯ ಶುರು ಮಾಡದೆ ಉಳಿದವರು ಹೇಗೆ ಉಣ್ಣುತ್ತಾರೆ? ಸಂಗನಬಸಪ್ಪ ತನ್ನ ಮುಂದೆ ತೆರೆದಿಟ್ಟ ಡಬ್ಬಿಯನ್ನು ನೋಡುತ್ತ ಕೂತಿದ್ದ.

"ಇದನ್ನ ಹ್ಯಾಂಗ ತಿಂತಾರ?"

ಚೇತನ ಬಾಯಿ ತೆರೆದ. ಮುದುಕ ಕೈ ಎತ್ತಿ ತಡೆದ.

"ನೀ ಇರಪಾ. ಬಾಳವ್ವ."

ಒಳಗೆ ಬಾಳಮ್ಮನಿಗೆ ತನ್ನ ಹೆಸರೇ ಗುರುತು ಸಿಗಲಿಲ್ಲ. ಭಾಗ್ಯಜ್ಯೋತಿ ತಿವಿದಮೇಲೆ ಎದ್ದು ಬಾಗಿಲಿಗೆ ಬಂದಳು.

"ಬಾ. ನನ್ನ ಎದುರಿಗೆ ಕುಂದರ. ತಿಂದ ತೋರಸು."

"ನೀವ ಮೊದಲ ತಗೋರಿ."

"ನನಗ ಬರಂಗಿಲ್ಲಲಾ. ನಿನಗ ಆರ ವರ್ಷದ ಸರ್ವಿಸ್ ಐತಿ. ನೀ ಮೊದಲ."

ಇಪ್ಪತ್ತು ಜನ ಗಂಡಸರ ಎದುರು ಬಾಳಮ್ಮ ಕೂತಳು. ಒಂದು ತುಂಡು ಬಿಡಿಸಿ, ನಿಂಬೆಹೋಳು ಹಿಂಡಿ, ನಡುವೆ ಮಡಚಿ ಬಾಯಿಗಿಟ್ಟಳು. ಹಸಿಮೆಣಸಿನಕಾಯಿಯ ಖಾರಕ್ಕೋ ಮತ್ತೊಂದಕ್ಕೋ ಕಣ್ಣಿನಿಂದ ನೀರು ಇಳಿಯಿತು. ಅಗಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬಹಳ ಹಸಿದಿದ್ದಳು. ಸಂಗನಬಸಪ್ಪ ಅವಳ ಕೈ ನೋಡಿಕೊಂಡು ಹಾಗೆಯೇ ಮಡಚಿದ, ಕಚ್ಚಿದ, ಎಳೆದ. ಚೀಸು ಗದ್ದಕ್ಕೆ ಅಂಟಿತು.

"ಚಲೋ ಐತಿ," ಎಂದ ಅಗಿದಾದಮೇಲೆ. "ಆರ ವರ್ಷ ನನಗ ಹೇಳದ ತಿಂದಾನ ನೋಡ, ಕಳ್ಳ."

ಸಾಲಿನಲ್ಲಿ ಡಬ್ಬಿಗಳು ತೆರೆದುಕೊಂಡವು. ಖಾಜಾಸಾಬ ಲೈನ್‌ಮನ್ ಶ್ರೀಶೈಲಪ್ಪ ಹಾವು ಸುತ್ತಿದ ಕಂಬ ಏರಿದ ಕಥೆ ತೆಗೆದ. ಸಂಗನಬಸಪ್ಪನ ಕಣ್ಣು ಬಾಗಿಲ ಕಡೆ ಹೋಯಿತು. ಸಾವಿತ್ರವ್ವ ನೀರಿನ ತಂಬಿಗೆ ಹಿಡಿದು, ಯಾರಿಗೆ ಬೇಕಾದೀತೋ ಎಂದು ನಿಂತಿದ್ದಳು.

"ನೀನೂ ಬಾ ಇಲ್ಲಿ."

"ನಂದೇನ ಅವಸರ. ನಿಮ್ಮದಾಗ್ಲಿ."

"ತಣ್ಣಗಾದ್ರ ಹರಿಯಂಗಿಲ್ಲಂತ ಇದು. ಬಾ, ಕುಂದರ." ಅವನು ಚಾಪೆಯ ಮೇಲೆ ಒಂದು ಗೇಣು ಸರಿದ.

ಸಾವಿತ್ರವ್ವ ತಂಬಿಗೆ ಕೆಳಗಿಟ್ಟಳು. ಎಲ್ಲಿ ಕೂಡಬೇಕೆಂದು ತಿಳಿಯದೆ ಚಾಪೆಯ ತುದಿಗೆ ಕೂತಳು. ಗಂಡ ಕೊಟ್ಟ ತುಂಡನ್ನು ಎರಡೂ ಕೈಯಲ್ಲಿ ಹಿಡಿದಳು, ಬಾಯಿಗೆ ಒಯ್ಯಲಿಲ್ಲ.

"ಮತ್ತೇನಾತು?"

"ಉಳ್ಳಾಗಡ್ಡಿ ಭಾಳ ಹಾಕ್ಯಾರ್ರಿ."

"ಉಳ್ಳಾಗಡ್ಡಿ ಇಲ್ಲದ ನಮ್ಮನ್ಯಾಗ ಅಡಗಿನ ಆಗಂಗಿಲ್ಲ."

"ಅಡಗಿ ಆಗಂಗಿಲ್ಲ ಖರೆ. ನಾ ತಿನ್ನಂಗಿಲ್ಲ. ಆರಸಿ ಇಡ್ತೇನಿ."

"ಯಾವಾಗಿಂದ?"

"ಸಣ್ಣಾಕಿ ಇದ್ದಾಗಿಂದ," ಎಂದಳು ಸಾವಿತ್ರವ್ವ. ಅವಳಿಗೆ ಎಪ್ಪತ್ತೊಂದು.

ಸಂಗನಬಸಪ್ಪ ಕಿಸೆಯಿಂದ ಚಷ್ಮಾ ತೆಗೆದು ಹಾಕಿಕೊಂಡ. ಹೆಂಡತಿಯ ಕೈಯಿಂದ ಆ ತುಂಡನ್ನು ಇಸಿದುಕೊಂಡು ತನ್ನ ತಾಟಿನಲ್ಲಿಟ್ಟು, ದಪ್ಪ ಬೆರಳುಗಳಿಂದ ಈರುಳ್ಳಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ತನ್ನ ಬಾಯಿಗೆ ಹಾಕಿಕೊಳ್ಳತೊಡಗಿದ. ಸಾವಿತ್ರವ್ವ ನೋಡುತ್ತ ಕೂತಳು. ಬಾಳಮ್ಮ ಎದುರಿನಿಂದ ಮುಂದೆ ಬಾಗಿ ಬೆರಳು ಮಾಡಿ ತೋರಿಸಿದಳು.

"ಅಲ್ಲಿ ಚೀಸಿನ ಬುಡಕ ಇನ್ನೊಂದ ಐತಿ ನೋಡ್ರಿ, ಭಾವನೋರ."